ಹುಬ್ಬಿನ ಮೇಲಿನ ಗೆರೆ

"ಯಾರಿವಳು?" ಎಂದು ಕೇಳಿದಳು ಹೆಂಡತಿ.

ಫೋಟೋ ಸ್ಟುಡಿಯೋ ನಡೆಸುತ್ತಿದ್ದ ಗಂಡ, ಕಟ್ಟು ಹಾಕಿಸಿದ ಫೋಟೋವನ್ನು ಗೋಡೆಗೆ ಹಿಡಿದು, ಮೊಳೆ ಎಲ್ಲಿ ಹೊಡೆಯಲಿ ಎಂದು ನೋಡುತ್ತಿದ್ದ. ದೊಡ್ಡ ಮಗಳು ಹೋಗಿ ಹತ್ತು ದಿನವಾಗಿತ್ತು. ತಿಂಡಿಯನ್ನು ಅರ್ಧ ತಿಂದು, "ಮುಚ್ಚಿಡಮ್ಮ, ಬಂದು ತಿಂತೀನಿ" ಎಂದು ಕೆಲಸಕ್ಕೆ ಓಡಿದವಳು ರಸ್ತೆಯ ತಿರುವಿನಲ್ಲಿ ಲಾರಿಗೆ ಸಿಕ್ಕಿದ್ದಳು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಸಿಗಲಿಲ್ಲ. ಅವತ್ತಿನಿಂದ ತಾಯಿ ಅತ್ತಿರಲಿಲ್ಲ. ಹೂಂ, ಉಹೂಂ ಬಿಟ್ಟರೆ ಅವಳು ಬಾಯಿ ತೆರೆದು ಆಡಿದ ಮೊದಲ ಮಾತು ಇದು.

"ಯಾರು ಅಂದ್ರೆ? ನಮ್ಮ ದೊಡ್ಡವಳು ಕಣೇ."

"ದೊಡ್ಡವಳ ಹುಬ್ಬಿನ ಮೇಲೆ ಗಾಯದ ಗುರುತಿತ್ತು. ಎಲ್ಲಿ ಅದು?"

ಅವನು ಫೋಟೋ ತಿರುಗಿಸಿ ನೋಡಿದ. ಹುಬ್ಬಿನ ಮೇಲೆ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಮೂವತ್ತು ವರ್ಷದಿಂದ ಊರ ಮುಖಗಳನ್ನು ತಿದ್ದಿಕೊಂಡು ಬಂದವನು ಅವನು. ಮೊಡವೆ, ಮಚ್ಚೆ, ಕಣ್ಣಡಿಯ ಕಪ್ಪು, ಜೋತ ಗದ್ದ, ಯಾವುದೂ ಅವನ ಮುಂದೆ ನಿಲ್ಲುತ್ತಿರಲಿಲ್ಲ. ಬೀದಿಯವರ ಬಾಯಲ್ಲಿ ಅವನ ಹೆಸರೇ 'ಟಚಪ್ ಮಾಮ'. ಮಾಮನ ಕೈಗೆ ಮುಖ ಕೊಟ್ಟರೆ ಹತ್ತು ವರ್ಷ ಕಡಿಮೆಯಾಗಿ ವಾಪಸು ಬರುತ್ತದೆ ಎಂದು ನಗುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಸುಬಿನ ಗುಣ ಅದಕ್ಕಿಂತ ಗಟ್ಟಿ. ಹೋದ ವರ್ಷ ಕೆಲಸದ ಅರ್ಜಿಗೆಂದು ಮಗಳ ಫೋಟೋ ತೆಗೆದಾಗಲೂ ಅವನ ಕೈ ತಾನಾಗಿ ಹುಬ್ಬಿಗೆ ಹೋಗಿತ್ತು.

"ತಿದ್ದದೇ ಇರೋದನ್ನ ಹಾಕ್ಸಿ," ಎಂದಳು ಹೆಂಡತಿ.

"ಅದು ಇಲ್ಲ ಕಣೇ. ತಿದ್ದಿದ ಮೇಲೆ ಹಳೇದು ಯಾಕೆ ಅಂತ ಇಟ್ಕೊಳ್ಳಲಿಲ್ಲ."

"ಹಾಗಾದ್ರೆ ಬೇರೆ ಫೋಟೋ?"

ಬೇರೆಯವೂ ಅವನು ತೆಗೆದವೇ. ಶಾಲೆಯ ಗುರುತಿನ ಚೀಟಿ, ಕಾಲೇಜಿನದು, ಕಪಾಟಿನ ಆಲ್ಬಮ್ಮು, ಎಲ್ಲದರಲ್ಲೂ ಅದೇ ನುಣುಪು ಹುಬ್ಬು. ಹುಡುಗಿ ಕಣ್ಣೆದುರೇ ಓಡಾಡಿಕೊಂಡಿದ್ದಾಗ ಅವಳ ಫೋಟೋವನ್ನು ಯಾರು ಕೂತು ನೋಡಿದ್ದರು? ಅವಳ ಫೋನು ಅವಳ ಜೊತೆಗೇ ಚೂರಾಗಿತ್ತು. ಚಿಕ್ಕ ಮಗಳು ತನ್ನ ಫೋನಿನಲ್ಲಿ ಅಕ್ಕನನ್ನು ಹುಡುಕಿದಳು. ನೂರಾರು ಫೋಟೋ ಇದ್ದವು.

"ಇದ್ರಲ್ಲೂ ಇಲ್ಲಪ್ಪ. ಎಲ್ಲಾ ಫಿಲ್ಟರ್ ಹಾಕ್ಕೊಂಡು ತೆಗೆದಿದ್ದು," ಎಂದಳು. "ಈ ಫೋನೂ ನಿನ್ನ ಹತ್ರಾನೇ ಕೆಲಸ ಕಲ್ತಿರಬೇಕು." ನಗಲು ಹೋದವಳಿಗೆ ಅಳು ಬಂತು. ಎದ್ದು ಒಳಗೆ ಹೋದಳು.

ತಾಯಿ ಗೋಡೆಗೆ ಒರಗಿ ಕೂತಳು. "ಹೆತ್ತವರಿಗೆ ಹೆಗ್ಗಣಾನೂ ಮುದ್ದಂತೆ. ನಿಮಗೆ ಮಾತ್ರ ಹೆತ್ತ ಮಗಳ ಮುಖದಲ್ಲೂ ಅಳಿಸೋಕೆ ಏನೋ ಸಿಕ್ತು. ಯಾಕೆ ಅಳಿಸ್ತಿದ್ರಿ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ?"

ಅವನು ಫೋಟೋವನ್ನು ಕೆಳಗಿಟ್ಟ. ಆ ಗಾಯವಾದಾಗ ಮಗಳಿಗೆ ಐದು ವರ್ಷ. ಸ್ಟುಡಿಯೋದಲ್ಲಿ ಗಿರಾಕಿಗಳು ಕಾಯುತ್ತಿದ್ದರು. ಇವಳು ತಿರುಗುವ ಸ್ಟೂಲಿನಿಂದ ಇಳಿಯಲೊಲ್ಲದೆ ಗಿರಗಿರನೆ ಸುತ್ತುತ್ತಿದ್ದಳು. ಎರಡು ಸಲ ಹೇಳಿದ. ಮೂರನೆಯ ಸಲ ರಟ್ಟೆ ಹಿಡಿದು ಎಳೆದ. ಹುಡುಗಿ ಲೈಟಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಬಿದ್ದಳು. ಮೂರು ಹೊಲಿಗೆ ಹಾಕಿಸಬೇಕಾಯಿತು. ಮಗಳು ವಾರದಲ್ಲೇ ಮರೆತಳು. ಅವನು ಮರೆಯಲಿಲ್ಲ, ಆಮೇಲೆ ಆ ಗುರುತನ್ನು ಒಂದು ದಿನವೂ ನೆಟ್ಟಗೆ ನೋಡಲಿಲ್ಲ.

"ಏಳಿ," ಎಂದಳು ಹೆಂಡತಿ. "ಹೇಗೆ ಅಳಿಸಿದ್ರೋ ಹಾಗೇ ವಾಪಸ್ ಬರೀರಿ. ಆ ಗಾಯ ಇಲ್ಲದೆ ಅವಳನ್ನ ಗೋಡೆಗೆ ಏರಿಸೋಕೆ ನಾನು ಬಿಡಲ್ಲ."

ಸ್ಟುಡಿಯೋ ಎಂದರೆ ಮನೆಯ ಮುಂದಿನ ಕೋಣೆ. ಹತ್ತು ದಿನದಿಂದ ಮುಚ್ಚಿದ ಕೋಣೆಯಲ್ಲಿ ಮುಗ್ಗಲು ವಾಸನೆ. ಅವನು ಕಂಪ್ಯೂಟರ್ ಹಾಕಿದ. ಪರದೆಯ ತುಂಬ ಮಗಳ ಮುಖ ಬಂತು. ಹುಬ್ಬಿನ ಮೇಲೆ ಒಂದು ಗೆರೆ ಎಳೆದ.

"ಅಲ್ಲ," ಎಂದಳು ಅವಳು.

ಅಳಿಸಿ ಇನ್ನೊಂದು ಎಳೆದ.

"ಇಷ್ಟು ನೆಟ್ಟಗಿರಲಿಲ್ಲ."

ಮತ್ತೊಂದು.

"ಅಲ್ಲ ರೀ, ಅಲ್ಲ."

ಅವನು ಮೌಸಿನಿಂದ ಕೈ ತೆಗೆದ. ಊರಿನ ಮುಖಗಳನ್ನೆಲ್ಲ ಇಂಚಿಂಚು ನೋಡಿದ ಕಣ್ಣು ಮಗಳ ಮುಖದ ಒಂದಂಗುಲವನ್ನು ನೋಡಿರಲಿಲ್ಲ. "ನಂಗೆ ಗೊತ್ತಿಲ್ಲ ಕಣೇ," ಎಂದ. "ಹೇಗಿತ್ತು ಅಂತ ನಂಗೆ ಗೊತ್ತೇ ಇಲ್ಲ."

ಅವಳು ಕಣ್ಣು ಮುಚ್ಚಿದಳು. ಎದುರಿಗೆ ಮಗುವನ್ನು ನಿಲ್ಲಿಸಿಕೊಂಡು ಮುಖ ತೊಳೆಸುವವಳ ಹಾಗೆ ಅವಳ ಕೈ ಗಾಳಿಯಲ್ಲಿ ಹಣೆಯಿಂದ ಕೆಳಗಿಳಿಯಿತು. ಹೆಬ್ಬೆರಳು ಒಂದು ಕಡೆ ತಡೆದು ನಿಂತಿತು. ಕಣ್ಣು ತೆರೆಯದೆಯೇ ಗಂಡನ ಮುಖ ತಡಕಿ, ಅದೇ ಹೆಬ್ಬೆರಳನ್ನು ಅವನ ಹುಬ್ಬಿಗೆ ಒತ್ತಿ ಎಳೆದಳು. "ಇಲ್ಲಿಂದ ಶುರು. ಇಲ್ಲಿ ಬಾಗ್ತಿತ್ತು. ಇಷ್ಟು ಜಾಗದಲ್ಲಿ ಕೂದಲು ಬರ್ತಿರಲಿಲ್ಲ. ಇಲ್ಲಿಗೆ ಮುಗೀತು."

ಅವನು ಮತ್ತೆ ಮೌಸ್ ಹಿಡಿದ. ಮೂವತ್ತು ವರ್ಷದಲ್ಲಿ ಆ ಕೈ ಗಾಯ ಮಾಡಿದ್ದು ಒಂದೇ ಒಂದು ಮುಖಕ್ಕೆ. ಈಗ ಅದೇ ಮುಖಕ್ಕೆ, ಅದೇ ಜಾಗದಲ್ಲಿ, ಎರಡನೆಯ ಸಲ ಮಾಡಬೇಕಾಗಿತ್ತು. ಪರದೆಯ ಮೇಲಿನ ಬಾಣದ ತುದಿ ಹೋಗಿ ಮಗಳ ಹುಬ್ಬನ್ನು ಮುಟ್ಟಿತು.

"ಮೆಲ್ಲಗೆ ರೀ," ಎಂದಳು ಅವಳು.