ಫಕ್ಕೀರಪ್ಪನ ದನಿ

ಚುನಾವಣೆಯ ನಡುವೆ ಅಭ್ಯರ್ಥಿ ಹೊಸಗೌಡರ ಸಾಹೇಬರ ಗಂಟಲು ಕಟ್ಟಿದಾಗ, ಆಟೋದಲ್ಲಿ ಮೈಕು ಹಿಡಿದು ಅವರ ಪರ ಕೂಗುತ್ತಿದ್ದ ಫಕ್ಕೀರಪ್ಪ ತನ್ನ ದನಿಯನ್ನೇ ತೆಗೆಸಿ ಕೊಟ್ಟಿದ್ದ. ದವಾಖಾನೆಯಲ್ಲಿ ಅರ್ಧ ತಾಸಿನ ಕೆಲಸ. ಮದುವೆಯಲ್ಲಿ ಹಾಡಲಿಕ್ಕೆ, ಬೀಗರೊಡನೆ ಜಗಳಾಡಲಿಕ್ಕೆ ಜನ ಒಬ್ಬರ ದನಿ ಒಬ್ಬರು ಒಯ್ಯುವುದು, ಕೆಲಸ ಮುಗಿದೊಡನೆ ಮರಳಿಸುವುದು ಊರಿಗೆ ಹೊಸದೇನಲ್ಲ.

ಸಾಹೇಬರು ಗೆದ್ದರು, ಮಂತ್ರಿಯೂ ಆದರು. ಫಕ್ಕೀರಪ್ಪ ಬಂಗಲೆಯ ಗೇಟಿನಲ್ಲಿ ನಿಂತು ಗಂಟಲು ಮುಟ್ಟಿ ತೋರಿಸಿದಾಗಲೆಲ್ಲ ಅವರ ಪಿ.ಎ., "ಅಧಿವೇಶನ ಮುಗೀಲಿ, ತಡಿಯಪಾ" ಎನ್ನುತ್ತಿದ್ದ.

ಇವತ್ತೂ ಹಾಗೆಯೇ ಮರಳಿ ಬಂದು ಚಹಾದಂಗಡಿಯ ಬೆಂಚಿನ ಮೇಲೆ ಕೂತ. ಮನೆಯಲ್ಲಿ ಅವನಿಗಿದ್ದ ಒಂದೇ ಜೀವ, ನಾಯಿ ಕಾಳ್ಯಾ, ದೂರ ಅಂಗಡಿಯ ಬಾಗಿಲಲ್ಲಿ ಮಲಗಿತ್ತು. ಅವನು ಹೆಸರು ಹಿಡಿದು ಕರೆಯುವುದು ನಿಂತಾಗಿನಿಂದ ಅದು ಗುರುತಿಲ್ಲದವರ ಹಿಂದೆ ಬಂದಂತೆ ಅವನ ಹಿಂದೆ ಬರುತ್ತಿತ್ತು.

ಟೀವಿಯಲ್ಲಿ ಸಾಹೇಬರ ಸನ್ಮಾನ ನಡೆದಿತ್ತು. "ನಾನು ಗೆದ್ದದ್ದು ಸ್ವಂತ ಬಲದಿಂದ. ನನಗೆ ಯಾರ ಹಂಗೂ ಇಲ್ಲ!" ಬಾಯಿ ಸಾಹೇಬರದು, ದನಿ ಫಕ್ಕೀರಪ್ಪನದು.

"ಏನ್ ಗಂಟಲಪಾ ಸಾಹೇಬ್ರದು!" ಎಂದ ಅಂಗಡಿಯ ಈರಣ್ಣ.

ಕಾಳ್ಯಾ ದಿಗ್ಗನೆದ್ದಿತು. ಬಾಲ ಅಲ್ಲಾಡಿಸುತ್ತ ಓಡಿ ಬಂದು, ಫಕ್ಕೀರಪ್ಪ ಚಾಚಿದ ಕೈಯನ್ನು ದಾಟಿ, ಟೀವಿಯ ಕೆಳಗೆ ಹೋಗಿ ಕೂತಿತು.