ಟ್ಯಾಂಕಿನ ಬದಿಯ ಮೇಜು

ಸುಳ್ಳು ಹೇಳಬೇಕೆಂದೇ ಅವಳು ನಾಲ್ಕು ಮಹಡಿ ಹತ್ತಿ ಬಂದಿದ್ದಳು. ಹತ್ತಿದ ಮೇಲೆ ಮೊದಲು ಬೇಕಾದದ್ದು ಮಾತ್ರ ಒಂದು ಕುರ್ಚಿ.

"ಗಾಳಿ ಬರೋ ಕಡೆ ಕೂತ್ಕೊಳ್ಳಿ ಮೇಡಂ," ಎಂದು ಸರ್ವರ್ ಮೋಟುಗೋಡೆಯ ಪಕ್ಕದ ಮೇಜು ತೋರಿಸಿದ.

"ಬೇಡಪ್ಪ, ನನಗೆ ಇಲ್ಲೇ ಸಾಕು." ನೀರಿನ ಟ್ಯಾಂಕಿನ ಬದಿಯ ಮೇಜಿಗೆ ಹೋಗಿ ಕುಳಿತಳು.

ಆ ಹೋಟೆಲಿಗೆ ಸೂರಿರಲಿಲ್ಲ. ತಾರಸಿಯ ಮೇಲೆ ಎರಡು ಸಾಲು ಮೇಜು, ತಲೆಯ ಮೇಲೆ ದೀಪದ ಸರ, ಮೂಲೆಯಲ್ಲಿ ತಂದೂರಿ ಒಲೆ, ಅದರ ಹಿಂದೆ ತಗಡಿನ ಅಡುಗೆಮನೆ. ಅದರೊಳಗೆ ಅವಳ ಗಂಡನಿದ್ದ. ಅವಳು ಬಂದದ್ದು ಅವನಿಗೆ ಗೊತ್ತಿರಲಿಲ್ಲ.

ಖಾಲಿ ಇದ್ದದ್ದು ಒಂದೇ ಕೆಲಸ. ಕೇಳಿಕೊಂಡು ಬಂದ ಅಡುಗೆಯವರು ಇಬ್ಬರು. ಉತ್ತರ ಭಾರತದ ಅಡುಗೆಯಲ್ಲಿ ಇಬ್ಬರೂ ಪಳಗಿದವರೇ. ಇಲ್ಲಿನ ಯಜಮಾನಿಯ ಪದ್ಧತಿಯೇ ಬೇರೆ. ಇಬ್ಬರಿಂದಲೂ ದಾಲ್ ಮಖನಿ ಮಾಡಿಸುತ್ತಾಳೆ. ಗೋಡೆ ಬದಿಯ ಸಾಲಿಗೆ ಒಬ್ಬನದು, ಟ್ಯಾಂಕಿನ ಬದಿಯ ಸಾಲಿಗೆ ಇನ್ನೊಬ್ಬನದು. ಆಮೇಲೆ ತಾನೇ ಮೇಜಿನಿಂದ ಮೇಜಿಗೆ ಹೋಗಿ ಕೇಳುತ್ತಾಳೆ. ಬೇಳೆ ಬೇಯುವ ತನಕ ಕಾಯಬಲ್ಲವನಿಗೆ ಉಳಿದದ್ದನ್ನೆಲ್ಲ ಕಲಿಸಬಹುದು ಎನ್ನುವುದು ಆಕೆಯ ನಂಬಿಕೆ.

ಇದನ್ನೆಲ್ಲ ಬೆಳಿಗ್ಗೆ ಗಂಡನೇ ಹೇಳಿದ್ದ. "ಗೋಡೆ ಕಡೆ ನಂದು. ಟ್ಯಾಂಕಿನ ಕಡೆ ಅವನದು." ಹೇಳುತ್ತಲೇ ಬಾಗಿಲಿನ ಬೀಗವನ್ನು ಮತ್ತೆ ಮತ್ತೆ ಎಳೆದು ನೋಡಿದ್ದ. ಅವನು ಕೆಲಸಕ್ಕಿದ್ದ ಹಳೆಯ ಹೋಟೆಲು ಮುಚ್ಚಿದಾಗಿನಿಂದ ಹೀಗೇ. ತಾನು ಹಾಕಿದ ಬೀಗದ ಮೇಲೂ ಅವನಿಗೆ ಭರವಸೆಯಿಲ್ಲ.

ಗೋಡೆಯ ಬದಿ ಕೂತು ಹೊಗಳಿದರೆ ಹತ್ತರಲ್ಲಿ ಹನ್ನೊಂದನೆಯ ಮಾತು. ಟ್ಯಾಂಕಿನ ಬದಿ ಕೂತು ಹಳಿದರೆ ಎದುರಾಳಿಯ ಬುಡಕ್ಕೇ ಕೊಡಲಿ. ಕಾರ್ಖಾನೆಯಲ್ಲಿ ದಿನವಿಡೀ ಕಾಲರ್ ಹೊಲಿಯುತ್ತ ಅವಳು ಮಾತು ಜೋಡಿಸಿಟ್ಟುಕೊಂಡಿದ್ದಳು: ಉಪ್ಪು ಜಾಸ್ತಿ, ಬೇಳೆ ಹಸಿ, ಬೆಣ್ಣೆ ಕಮಟು.

ದಾಲ್ ಬಂತು, ಜೊತೆಗೆ ಬಿಸಿ ನಾನ್. ಒಂದು ತುತ್ತು ಬಾಯಿಗಿಟ್ಟಳು.

ಉಪ್ಪು ಹದವಾಗಿತ್ತು. ಬೇಳೆ ನಾಲಿಗೆಯ ಮೇಲೇ ಕರಗಿತು. ಕೊನೆಯಲ್ಲಿ ಕೆಂಡದ ಸಣ್ಣ ಘಮ. ಬಿಗಿದುಕೊಂಡಿದ್ದ ಕತ್ತನ್ನು ಯಾರೋ ಮೆಲ್ಲಗೆ ಸಡಿಲಿಸಿದಂತಾಯಿತು. ಬೇರೆಯವರು ಮಾಡಿ ಬಡಿಸಿದ್ದನ್ನು ಕೂತು ಉಂಡು ಎಷ್ಟು ಕಾಲವಾಗಿತ್ತೋ. ಗಂಡ ಊರಿಗೆಲ್ಲ ಬಡಿಸುವವನು. ಮನೆಯಲ್ಲಿ ಸೌಟು ಮುಟ್ಟಿದವನಲ್ಲ. ಅಡುಗೆಯವನ ಹೆಂಡತಿಗೆ ತನ್ನ ಕೈಯಡುಗೆಯೇ ಗತಿ.

"ಇನ್ನೊಂದು ಬಟ್ಟಲು ತಾರಯ್ಯ," ಎಂದರು ಪಕ್ಕದ ಮೇಜಿನ ದಪ್ಪನೆಯ ಮನುಷ್ಯ.

"ಬೆಣ್ಣೆ ಮುಟ್ಟಬಾರದು ಅಂತ ಡಾಕ್ಟರು ಹೇಳಿದ್ದಾರೆ," ಎಂದರು ಅವರ ಹೆಂಡತಿ.

"ಡಾಕ್ಟರು ಇದನ್ನ ತಿಂದಿಲ್ಲ ಕಣೇ."

ಅವಳು ತುತ್ತು ಕೈಯಲ್ಲೇ ಹಿಡಿದು ಅಡುಗೆಮನೆಯತ್ತ ನೋಡಿದಳು. ಇಂಥವನ ಮುಂದೆ ತನ್ನ ಗಂಡ ನಿಲ್ಲುವುದುಂಟೇ?

ಯಜಮಾನಿ ಬಂದು ಎದುರಿನ ಕುರ್ಚಿಯಲ್ಲಿ ಕುಳಿತಳು. "ಹೇಗಿತ್ತಮ್ಮ ದಾಲ್? ಮುಖ ನೋಡಿ ಹೇಳೋದು ಬೇಡ. ಇವತ್ತು ಎರಡು ಕೈಯ ಅಡುಗೆ. ಆ ಕಡೆಯವರೂ ಹೊಗಳ್ತಾರೆ, ಈ ಕಡೆಯವರೂ ಹೊಗಳ್ತಾರೆ, ನನಗಂತೂ ತಲೆ ಕೆಟ್ಟಿದೆ. ನೀವೇ ಕೊನೆಯವರು."

ಅವಳು ಬಾಯಿ ತೆರೆದಳು. ಗಂಡ ರಜೆಯಲ್ಲಿದ್ದಾನೆಂದು ನೆರೆಮನೆಯವರಿಗೆ, ಹೊಸ ಕೆಲಸ ಸಿಕ್ಕಿತೆಂದು ಅಮ್ಮನಿಗೆ, ಕತ್ತು ನೋಯುತ್ತಿಲ್ಲವೆಂದು ಮೇಸ್ತ್ರಿಗೆ. ಹೇಳಿ ಹೇಳಿ ನಾಲಿಗೆ ದಣಿದಿತ್ತು. ಇನ್ನೊಂದು ಸುಳ್ಳಿಗೆ ಅದು ಹೊರಳಲಿಲ್ಲ.

"ಇದನ್ನ ಮಾಡಿದವರನ್ನ ಬಿಟ್ಟುಕೊಡಬೇಡಿ," ಎಂದಳು.

ಯಜಮಾನಿ ಅವಳ ಕಣ್ಣನ್ನೇ ಒಂದು ಗಳಿಗೆ ನೋಡಿ, ತಲೆಯಾಡಿಸಿ, ಅಡುಗೆಮನೆಯತ್ತ ನಡೆದಳು.

ಅವಳು ಕೆಳಗಿಳಿದು ಬೀದಿಯಲ್ಲಿ ಕಾದಳು. ಗಂಡ ಏಪ್ರನ್ ಸುತ್ತಿ ಕಂಕುಳಲ್ಲಿಟ್ಟುಕೊಂಡು ಇಳಿದು ಬಂದ.

"ನೀನ್ಯಾಕೆ ಇಲ್ಲಿ?"

"ಏನಂದ್ರು?"

"ಅವನನ್ನ ಇಟ್ಕೊಂಡ್ರು. ಟ್ಯಾಂಕಿನ ಕಡೆ ಯಾರೋ ಹೆಂಗಸು ಮನಸಾರೆ ಹೊಗಳಿದಳಂತೆ."

"ಆ ಹೆಂಗಸು ನಾನೇ ಕಣ್ರೀ. ಹಳಿಯೋಕೇ ಅಂತ ಹೋಗಿದ್ದೆ. ಅಂಥ ದಾಲ್ ನಾನು ಹುಟ್ಟಿದಾಗಿನಿಂದ ತಿಂದಿಲ್ಲ. ಬಾಯಿಗೆ ಸುಳ್ಳು ಬರಲಿಲ್ಲ. ಬೈದುಬಿಡಿ ನನ್ನ."

ಅವನು ಬೈಯಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ಕುಳಿತ.

"ನಿಜ ಹೇಳು. ಅಷ್ಟು ಚೆನ್ನಾಗಿತ್ತಾ?"

ಅವಳು ತಲೆಯಾಡಿಸಿದಳು.

"ಬಡಿಸೋಕೆ ಮುಂಚೆ ಅವನ ದಾಲ್ ರುಚಿ ನೋಡಿದೆ. ಅದರ ಮುಂದೆ ನಂದು ಏನೂ ಅಲ್ಲ ಅನ್ನಿಸ್ತು. ಅವನು ಕೈ ತೊಳೆಯೋಕೆ ಹೋದಾಗ ಎರಡೂ ಪಾತ್ರೆ ಅದಲುಬದಲು ಮಾಡಿಬಿಟ್ಟೆ," ಎಂದ ಅವನು. "ಟ್ಯಾಂಕಿನ ಕಡೆ ಬಂದದ್ದು ನಂದು."