ಕೊನೆಯ ಬೋಲ್ಟು

ಮೆಕ್ಯಾನಿಕ್ ಶಮಶುದ್ದೀನ ಉಸ್ತಾದ ಜೀಪಿನ ಹಿಂಬದಿಯಲ್ಲಿ, ಬಂದ ದಾರಿಗೆ ಮುಖ ಮಾಡಿ ಕುಳಿತಿದ್ದ. ಜೀಪು ನಡೆಸುತ್ತಿದ್ದವಳು ಅವನ ಮಗಳು ಗುಲನಾಜ. ಅವಳ ಪಕ್ಕದಲ್ಲಿ ಆ ಹಳೆಯ ಪೆಟ್ರೋಲ್ ಜೀಪಿನ ಒಡೆಯ, ಕನ್ನೊಳ್ಳಿಯ ಬಸಂತರಾಯ.

"ಹಿಂದ ಏನ್ ನೋಡ್ತೀ ಉಸ್ತಾದ? ಇಂಜಿನ್ ಮುಂದ ಐತಿ," ಎಂದು ಬಸಂತರಾಯ ನಕ್ಕ.

"ಹೊಗಿ ಹಿಂದ ಬರ್ತೈತಲ್ರಿ ಸಾವಕಾರ್ರ. ನೀವು ಸುಮ್ನ ಕೂಡ್ರಿ."

"ನಾ ಸುಮ್ನ ಕುಂತೇನಿ. ದೇವರ ಹಿಪ್ಪರಗಿ ಸಂತಿ ಮಂದಿ ಸುಮ್ನ ಕೂಡವಲ್ಲರು. ಶಮಶುದ್ದೀನ ಕಟ್ಟಿದ ಇಂಜಿನ್ನಿನ ಪಿಸ್ಟನ್ ರಿಂಗ್ ಸವದಾವ, ಆಯಿಲ್ ಕುಡಿಯಾಕತ್ತೈತಿ, ಗುಜರಿಗೆ ಹಾಕು ಅಂತಾರ."

ಆ ಮಾತು ಉಸ್ತಾದನ ಎದೆಗೆ ನಾಟಿತು. ಈ ಇಂಜಿನ್ನನ್ನು ಬಿಚ್ಚಿ, ಉಜ್ಜಿ, ಮರಳಿ ಕಟ್ಟಿದ ದಿನ, ತಾನು ಬದುಕಿರುವ ತನಕ ಇದಕ್ಕೆ ಹೊಸ ರಿಂಗು ಬೇಡವೆಂದು ನಾಲ್ಕು ಜನರೆದುರು ಮೀಸೆ ತಿರುವಿದವನು ಅವನು. ರಿಂಗು ಸವೆದಿದ್ದರೆ ಸುಳ್ಳಾಗುವುದು ಆ ಮಾತು. ಕೆಡುವುದು ಆ ಕೈಯ ಹೆಸರು.

ಹಳ್ಳದ ಇಳಿಜಾರು ಬಂದಿತು. "ಕಾಲ ತಗಿ," ಎಂದ ಉಸ್ತಾದ. ಗುಲನಾಜ ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಜೀಪು ಗೇರಿನಲ್ಲಿಯೇ ತೂಗುತ್ತ ಇಳಿಯಿತು. ಕೆಳಗೆ ತಲುಪಿದ ಕೂಡಲೇ "ಈಗ ಒತ್ತು!" ಎಂದು ಕೂಗಿದ. ಹಿಂದೆ ಬುಸ್ಸೆಂದು ಒಂದು ನೀಲಿ ಮುದ್ದೆ ಹೊರಬಿದ್ದಿತು. ಏರು ಹತ್ತುವಾಗ ಇಂಜಿನ್ನು ಏದುಸಿರು ಬಿಟ್ಟರೂ ಹೊಗೆ ಕೂದಲೆಳೆಯಷ್ಟೂ ಇಲ್ಲ. ಉಸ್ತಾದ ಜೀಪಿನ ಪಕ್ಕೆಗೆ, ಗೆದ್ದ ಎತ್ತಿನ ಬೆನ್ನಿಗೆಂಬಂತೆ, ಬಲವಾಗಿ ತಟ್ಟಿದ.

"ರಿಂಗ್ ಹೋಗಿದ್ರ ಏರಿನ್ಯಾಗ ದಂ ಕಟ್ಟಿ ಎಳಿಯುವಾಗ ಹೊಗಿ ಬರಬೇಕಿತ್ರಿ. ಇದು ಕಾಲ ತಗದಾಗ ಮ್ಯಾಲಿನ ಎಣ್ಣಿ ಒಳಗ ಜಗ್ಗಿಕೊಂಡು, ಒತ್ತಿದಾಗ ಸುಡತೈತಿ. ವಾಲ್ವಿನ ಎಣ್ಣಿ ತಡಿಯೂ ರಬ್ಬರ್ ಒಣಗ್ಯಾವ, ವಾಲ್ವ್ ಆಡೂ ಗೈಡ್ ಸಡ್ಲ ಆಗ್ಯಾವ. ನಾ ಕಟ್ಟಿದ್ದು ಗಟ್ಟಿ ಐತಿ."

"ಬಾಯಿಲೆ ಹೇಳಿದ್ರ ಸಾವಕಾರ್ರು ನಂಬೂದಿಲ್ಲ ಅಬ್ಬಾ," ಎಂದಳು ಗುಲನಾಜ. "ಹೆಂಗೂ ಗೈಡ್ ಸಲುವಾಗಿ ಹೆಡ್ ಬಿಚ್ಚಬೇಕು. ಅವರ ಕಣ್ಣಿಗೇ ತೋರಸೋಣು."

ಸಿಂದಗಿಯ ಗ್ಯಾರೇಜಿನಲ್ಲಿ ಇಂಜಿನ್ನಿನ ಮುಚ್ಚಳವಾದ ಹೆಡ್ಡು ಮೇಲೆದ್ದಾಗ ಉಸ್ತಾದ ತಾನೇ ಬ್ಯಾಟರಿ ಬೆಳಕು ಹಿಡಿದ. ಸಿಲಿಂಡರಿನ ಒಳಗೋಡೆಯ ಮೇಲೆ, ಅಂದು ಅವನು ಸಾಣೆಕಲ್ಲಿನಿಂದ ಉಜ್ಜಿದ, ರಿಂಗು ಸವೆದಿದ್ದರೆ ಅಳಿದುಹೋಗಬೇಕಿದ್ದ ಅಡ್ಡಡ್ಡ ಗೆರೆಗಳು, ಹೊಸ ಕೌದಿಯ ಹೊಲಿಗೆಯಂತೆ, ಇನ್ನೂ ಮಾಸಿರಲಿಲ್ಲ. ಬಸಂತರಾಯ ಬಗ್ಗಿ ನೋಡಿದ. ಒಂದು ಗೆರೆಯ ಮೇಲೆ ಬೆರಳಾಡಿಸಿದ.

"ನಿಮ್ಮ ಸಂತಿ ಮಂದೀನ ಕರಕೊಂಡು ಬರ್ರಿ," ಎಂದ ಉಸ್ತಾದ. "ಗೆರಿ ತೋರಸ್ತೇನಿ, ಮ್ಯಾಲ ಚಾನೂ ಕುಡಸ್ತೇನಿ."

ಹೊಸ ಗೈಡು, ಹೊಸ ರಬ್ಬರು ಕುಳಿತು ಹೆಡ್ಡು ತನ್ನ ಜಾಗಕ್ಕೆ ಮರಳಿದ ದಿನ ಬಸಂತರಾಯ ಮತ್ತೆ ಬಂದು ಎದುರಿಗೇ ಕುಳಿತ. ಗುಲನಾಜ ತನ್ನ ಟಾರ್ಕ್ ಪಾನಾ ತೆಗೆದಳು. ಡಿಪ್ಲೊಮಾ ಮುಗಿಸಿ ಬರುವಾಗ ವಿಜಯಪುರದಿಂದ ತಂದದ್ದು. ಬೋಲ್ಟು ನಿಗದಿಪಡಿಸಿದಷ್ಟು ಬಿಗಿಯಾದ ಕೂಡಲೇ 'ಕಟ್' ಎಂದು ಸದ್ದು ಮಾಡುವಂಥದು. ಅದನ್ನು ಕಂಡಾಗಲೆಲ್ಲ ಉಸ್ತಾದ, "ಆ ಕಟ್ ನನ್ನ ಮಣಿಕಟ್ಟಿನ್ಯಾಗ ಐತಿ," ಎಂದು ಮುಂಗೈ ಎತ್ತಿ ತೋರಿಸುತ್ತಿದ್ದ. ಅವಳು ನಡುವಿನಿಂದ ಅಂಚಿಗೆ, ಒಂದಾದ ಮೇಲೊಂದರಂತೆ, ಬೋಲ್ಟುಗಳನ್ನು ಬಿಗಿಯುತ್ತ ಬಂದಳು. ಕಟ್. ಕಟ್. ಒಂದು ಉಳಿಯಿತು.

ಆ ಒಂದು ಉಸ್ತಾದನದು. ಅವನ ಉಸ್ತಾದನ ಕಾಲದಿಂದ ಗ್ಯಾರೇಜಿನ ರಿವಾಜು ಅದು: ಹೆಡ್ಡಿನ ಕೊನೆಯ ಬೋಲ್ಟನ್ನು ಉಸ್ತಾದನೇ ಬಿಗಿಯಬೇಕು, ಬಿಗಿದವನ ಹೆಸರೇ ಇಂಜಿನ್ನಿಗೆ. ಅದಕ್ಕೆ ಮೊದಲು ಶಾಗಿರ್ದ, ಎಂದರೆ ಶಿಷ್ಯ, ಡೀಸೆಲ್ ಹನಿಸಿ ಅವನ ಕೈ ತೊಳೆಸಬೇಕು. ಗುಲನಾಜ ಹನಿಸಿದಳು. ಉಸ್ತಾದ ಕೈ ಒರೆಸಿಕೊಂಡು, ಬಳಸಿ ಬಳಸಿ ನುಣುಪಾದ ತನ್ನ ಹಳೆಯ ಪಾನಾ ಹಚ್ಚಿ, ಹಲ್ಲು ಕಚ್ಚಿ ಎಳೆದ. ಕತ್ತಿನ ನರ ಉಬ್ಬಿತು. "ಆತು," ಎಂದ.

"ಖರೇ ಆತೋ ಇಲ್ಲೋ ಮಗಳ ಪಾನಾ ಹೇಳಲಿ," ಎಂದು ಬಸಂತರಾಯ ಕೆಣಕಿದ.

"ಹಚ್ಚ್ ಬೇಟಾ. ಸಾವಕಾರ್ರ ಆಶಾ ತೀರಲಿ."

ಗುಲನಾಜ ತಂದೆಯ ಮುಖ ನೋಡಲಿಲ್ಲ, ಬೋಲ್ಟನ್ನು ನೋಡಿದಳು. ಮೆಲ್ಲಗೆ ಎಳೆದಳು. ಕಟ್ ಎನ್ನಲಿಲ್ಲ, ಬೋಲ್ಟೇ ತುಸು ತಿರುಗಿತು. ಅವಳು ಅಲ್ಲಿಗೇ ಕೈ ತಡೆದಳು. ಕೂತಲ್ಲಿಂದ ಬಸಂತರಾಯನಿಗೆ ಅಷ್ಟು ಸಣ್ಣ ತಿರುವು ಕಾಣುವಂತಿರಲಿಲ್ಲ. ಸರಿ ಐತಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಕಡಿಮಿ ಐತಿ ಅಬ್ಬಾ."

ಬಸಂತರಾಯ ತೊಡೆ ತಟ್ಟಿ ನಕ್ಕ. "ಏನ್ ಉಸ್ತಾದ! ಮಗಳೇ ಮಂದಿ ಮುಂದ ಹಿಂಗ ಅಂದ್ರ ಹೆಂಗ?"

ಶಮಶುದ್ದೀನ ತನ್ನ ಮಣಿಕಟ್ಟನ್ನು ಒಮ್ಮೆ ತಿರುವಿ ನೋಡಿಕೊಂಡ. ಆಮೇಲೆ ಮಗಳನ್ನು ನೋಡಿದ. ಅವಳು ಕಣ್ಣು ತಗ್ಗಿಸಿರಲಿಲ್ಲ. ಬಗ್ಗಿದ್ದ ಅವನ ಬೆನ್ನು, ಅಂದು ಮೀಸೆ ತಿರುವಿದಾಗ ಇದ್ದಂತೆ, ನೆಟ್ಟಗಾಯಿತು.

"ಸಂತ್ಯಾಗ ಇದನ್ನೂ ಹೇಳ್ರಿ ಸಾವಕಾರ್ರ. ಶಮಶುದ್ದೀನನ ಗ್ಯಾರೇಜಿನ್ಯಾಗ ಶಮಶುದ್ದೀನನ ಕೈಗೂ ರಿಯಾಯತಿ ಇಲ್ಲ."

ಗುಲನಾಜ ಟಾರ್ಕ್ ಪಾನಾವನ್ನು ಅವನತ್ತ ಚಾಚಿದಳು. ಅವನು ಅದನ್ನು ಮುಟ್ಟಲಿಲ್ಲ. ನೆಲದ ಮೇಲಿದ್ದ ಡೀಸೆಲ್ ಡಬ್ಬಿಯನ್ನು ಎತ್ತಿಕೊಂಡ.

"ಕೈ ಒಡ್ಡು," ಎಂದು, ಮಗಳ ಬೊಗಸೆಗೆ ಹನಿಸತೊಡಗಿದ.